ಕುರಿ ಕಡಿಮೆ ಸಾಕಿದರೆ ಆಗದೇ? ಮಂಗೋಲಿಯಾದ ಹಿಮ, ಹುಲ್ಲು, ಸಾಲಗಳ ಲೆಕ್ಕ

ಪ್ರಶ್ನೆ: ನಾನು ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ಊರು ಕೊಪ್ಪಳದ ಕಡೆ, ಅಪ್ಪ ಇವತ್ತಿಗೂ ಕುರಿ ಹಿಂದೆ ಹೋಗುತ್ತಾರೆ. 2023-24ರ ಚಳಿಗಾಲದಲ್ಲಿ ಮಂಗೋಲಿಯಾದಲ್ಲಿ 70 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು ಎಂದು ಓದಿದೆ. ಚಳಿ ಅವರಿಗೇನು ಹೊಸದೇ? ಹವಾಮಾನ ಒಂದು ಮನೆಯ ಬದುಕನ್ನು ಯಾವ ದಾರಿಯಲ್ಲಿ ಮುಟ್ಟುತ್ತದೆ? ಮೇವಿಗೆ ತಕ್ಕಷ್ಟೇ ಕುರಿ ಸಾಕಿದರೆ ಈ ಪಾಡು ತಪ್ಪುವುದಿಲ್ಲವೇ? ಕೋತಿಯ ವರ್ಷದಲ್ಲಿ ಇಂಥ ಚಳಿಗಾಲ ಬರುತ್ತದೆ ಎಂದು ಅಲ್ಲಿಯವರು ನಂಬುತ್ತಾರಂತೆ, ಅದು ನಿಜವೇ?

ಉತ್ತರ: ನೀವು ಕೇಳಿದ್ದರಲ್ಲಿ ಮೂರನೆಯದೇ ಗಟ್ಟಿ ಪ್ರಶ್ನೆ. ಹೊರಗೆ ನಿಂತು ನೋಡುವ ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲೆರಡನ್ನು ದಾಟಿಯೇ ಬರಬೇಕು. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಆ ದೇಶದ ಅಳತೆ ಕಣ್ಣ ಮುಂದಿರಲಿ. ಮಂಗೋಲಿಯಾ ಕರ್ನಾಟಕದ ಎಂಟು ಪಟ್ಟು ದೊಡ್ಡದು. ಜನ 35 ಲಕ್ಷದಷ್ಟು, ಅದರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ರಾಜಧಾನಿ ಉಲಾನ್‌ಬಾತರ್ ಒಂದರಲ್ಲೇ. ಒಟ್ಟು ಜನರಲ್ಲಿ ಸುಮಾರು ಮೂರನೇ ಒಂದು ಭಾಗ ಪಶುಪಾಲಕರು. ಜಾನುವಾರು ಮಾತ್ರ 2019ರಲ್ಲಿ 7 ಕೋಟಿ ದಾಟಿತ್ತು, ಅಂದರೆ ತಲೆಗೆ ಇಪ್ಪತ್ತು. ಕುರಿ, ಆಡು, ದನ, ಕುದುರೆ, ಒಂಟೆ ಈ ಐದನ್ನೂ ಸೇರಿಸಿ ಅವರು 'ತಾವನ್ ಖೊಶೂ ಮಾಲ್', ಐದು ಮೂತಿಯ ಜಾನುವಾರು, ಎನ್ನುತ್ತಾರೆ. ಯಾಕ್ ದನದ ಲೆಕ್ಕಕ್ಕೆ ಸೇರುತ್ತದೆ. ದಕ್ಷಿಣದ ಗೋಬಿಯಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚು. ಉತ್ತರದ ಬೆಟ್ಟಸೀಮೆಯಲ್ಲಿ 300ರಿಂದ 400. ನಿಮ್ಮ ಕಡೆ ಬರದ ವರ್ಷ ಬೀಳುವ ಮಳೆ ಅಲ್ಲಿನ ಒಳ್ಳೆಯ ಸೀಮೆಯ ಒಳ್ಳೆಯ ಮಳೆ ಅಂದುಕೊಳ್ಳಿ. ಅದರ ಬಹುಪಾಲು ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳಲ್ಲೇ ಬಿದ್ದು ಮುಗಿಯುತ್ತದೆ. ಹುಲ್ಲು ಬೆಳೆಯುವ ಕಾಲವೂ ಅಷ್ಟೇ, ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು. ಮಿಕ್ಕ ಎಂಟು ತಿಂಗಳು ಪ್ರಾಣಿ ತಿನ್ನುವುದು ಎರಡನ್ನು: ನಿಂತಲ್ಲೇ ಒಣಗಿದ ಹುಲ್ಲು, ತನ್ನದೇ ಮೈಯ ಕೊಬ್ಬು.

ಅಲ್ಲಿನ ಕುರಿಯ ಬಾಲದಲ್ಲಿ ಕೊಬ್ಬಿನ ಗಂಟು ಇರುತ್ತದೆ. ಅಕ್ಟೋಬರ್‌ನಲ್ಲಿ ಆ ಬಾಲವನ್ನೂ ಬೆನ್ನುಮೂಳೆಯನ್ನೂ ಮುಟ್ಟಿ ನೋಡಿದರೆ ಮಾರ್ಚ್ ಹೇಗಿರುತ್ತದೆಂದು ಗೊತ್ತಾಗುತ್ತದೆ. ಯಾವ ತೊಂದರೆಯೂ ಇಲ್ಲದ ವರ್ಷದಲ್ಲೇ ಕುರಿ ಚಳಿಗಾಲ ಕಳೆಯುವಷ್ಟರಲ್ಲಿ ಮೈತೂಕದ ನಾಲ್ಕನೇ ಒಂದು ಭಾಗದಷ್ಟು ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಮಳೆ ಕೈಕೊಟ್ಟು ಹುಲ್ಲು ಗಿಡ್ಡವಾದರೆ ಕೊಬ್ಬು ಕೂಡುವುದೇ ಇಲ್ಲ. ಖಾಲಿ ಕೈಯಲ್ಲಿ ಚಳಿಗಾಲಕ್ಕೆ ಕಾಲಿಟ್ಟ ಹಾಗೆ. ಹಾಗಾಗಿ "ಚಳಿ ಅವರಿಗೇನು ಹೊಸದೇ" ಎಂಬುದಕ್ಕೆ ಉತ್ತರ: ಮೈನಸ್ 30, ಮೈನಸ್ 40 ಡಿಗ್ರಿ ಹೊಸದಲ್ಲ. ಚಳಿಯ ಲೆಕ್ಕಕ್ಕೆ ಅವರಲ್ಲಿ ಒಂದು ಪಂಚಾಂಗವೇ ಇದೆ. ಡಿಸೆಂಬರ್ ಕೊನೆಯ ಅತಿ ಗಿಡ್ಡ ಹಗಲಿನಿಂದ ಒಂಬತ್ತು ಒಂಬತ್ತು ದಿನಗಳ ಒಂಬತ್ತು ಕಂತು, ಒಟ್ಟು 81 ದಿನ. ಮೊದಲ ಒಂಬತ್ತಕ್ಕೆ ಹಾಲಿನಿಂದ ಇಳಿಸಿದ ಸಾರಾಯಿ ಹೆಪ್ಪುಗಟ್ಟುತ್ತದೆ, ಮೂರನೆಯದಕ್ಕೆ ಮೂರು ವರ್ಷದ ಎತ್ತಿನ ಕೊಂಬು, ಐದನೆಯದಕ್ಕೆ ಬೇಯಿಸಿದ ಅನ್ನ ಇನ್ನು ಹೆಪ್ಪುಗಟ್ಟದು, ಆರನೆಯದಕ್ಕೆ ದಾರಿ ಕಪ್ಪಗೆ ಕಾಣಿಸುತ್ತದೆ, ಹೀಗೆ. 'ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ' ಎಂದು ನಮ್ಮವರು ಮಳೆ ನಕ್ಷತ್ರಗಳಿಗೆ ಗಾದೆ ಕಟ್ಟಿದ ಹಾಗೆ. ಗಾದೆ ಕಟ್ಟುವಷ್ಟು ಹಳೆಯ ಪರಿಚಯವಿರುವ ಚಳಿ ತಾನಾಗಿ ಕೊಲ್ಲುವುದು ಕಡಿಮೆ. ಕೊಲ್ಲುವುದು ಹಿಂದಿನ ಬೇಸಿಗೆ, ಮೇಲಿಂದ ಬಂದು ಕೂತ ಹಿಮ ಮತ್ತು ಮನೆಯಲ್ಲಿ ಮುಗಿದ ಮೇವು, ಮೂರೂ ಒಟ್ಟು ಸೇರಿದಾಗ.

ಆ ಒಟ್ಟು ಸೇರಿದ್ದಕ್ಕೆ ಅವರ ಹೆಸರು 'ಜುದ್'. ಇದನ್ನು 'ಹಿಮಪಾತ' ಎಂದೋ 'ಶೀತಗಾಳಿ' ಎಂದೋ ಅನುವಾದಿಸಿದರೆ ತಪ್ಪಾಗುತ್ತದೆ. ಮಳೆ ಬಾರದ್ದು, ಬೆಳೆ ಒಣಗಿದ್ದು, ದನ ಮಾರಿದ್ದು, ಗುಳೆ ಹೋದದ್ದು ಎಲ್ಲವನ್ನೂ ನಾವು 'ಬರ' ಎಂಬ ಎರಡಕ್ಷರದಲ್ಲಿ ಹೇಳಿಬಿಡುತ್ತೇವಲ್ಲ, ಅಂಥ ಪದ ಅದು. ಹವಾಮಾನಕ್ಕಿಂತ ಹೆಚ್ಚಾಗಿ ಹವಾಮಾನದಿಂದ ಆದ ಸಾವಿನ ಹೆಸರು. ಬಿಳಿ ಜುದ್ ಎಂದರೆ ಹುಲ್ಲು ಹೂತುಹೋಗುವಷ್ಟು ಹಿಮ. ಕಪ್ಪು ಜುದ್ ಅದರ ತದ್ವಿರುದ್ಧ, ಹಿಮವೇ ಬೀಳದ ಚಳಿಗಾಲ. ನಮಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ, ಆದರೆ ಬಾವಿಯಿಂದ ದೂರದ ಹುಲ್ಲುಗಾವಲಲ್ಲಿ ಚಳಿಗಾಲದ ಕುಡಿಯುವ ನೀರೆಂದರೆ ಹಿಮವೇ. ಪ್ರಾಣಿಗಳು ಅದನ್ನು ನೆಕ್ಕಿಕೊಂಡೇ ದಿನ ದೂಡುತ್ತವೆ. ಹದವಾದ ಹಿಮ ಬೇಕೇ ಬೇಕು. ಎಲ್ಲಕ್ಕಿಂತ ಕೆಟ್ಟದ್ದು ಕಬ್ಬಿಣದ ಜುದ್: ಬಿದ್ದ ಹಿಮ ನಡುವೆ ಎರಡು ದಿನದ ಬಿಸಿಲಿಗೆ ಕರಗಿ ಮತ್ತೆ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಗಾಜಿನ ಹೊದಿಕೆ ಹಾಸುತ್ತದೆ. ಮೆತ್ತನೆ ಹಿಮವಾದರೆ ಕುದುರೆ ಗೊರಸಿನಿಂದ ಕೆದರಿ ದಾರಿ ಮಾಡುತ್ತದೆ, ಅದರ ಹಿಂದೆ ಕುರಿ ಮೇಯುತ್ತದೆ. ದನಕ್ಕೆ ಕೆದರಲು ಬಾರದು, ಮೂತಿಯಿಂದ ತಳ್ಳುತ್ತದೆ ಅಷ್ಟೆ. ಐದು ಮೂತಿ ಒಟ್ಟಿಗೆ ಸಾಕುವುದರ ಹಿಂದೆ ಇಂಥ ಲೆಕ್ಕವೂ ಇದೆ. ಮಂಜುಗಡ್ಡೆಯ ಮೇಲೆ ಮಾತ್ರ ಕುದುರೆಯ ಗೊರಸೂ ಸೋಲುತ್ತದೆ. ಇನ್ನೊಂದಿದೆ, ಗೊರಸಿನ ಜುದ್. ಸುತ್ತಲಿನ ಹಿಂಡೆಲ್ಲ ಒಂದೇ ಕಡೆ ನುಗ್ಗಿ ಇದ್ದ ಹುಲ್ಲನ್ನು ತುಳಿದು ಮುಗಿಸುವುದು. ಇದಕ್ಕೆ ಆಕಾಶವನ್ನು ದೂರುವ ಹಾಗಿಲ್ಲ.

ಸಾವಿನ ತಿಂಗಳು ಜನವರಿ ಎಂದುಕೊಳ್ಳುತ್ತೇವೆ. ಹೆಚ್ಚು ಸಾವು ಕಾಣುವುದು ಮಾರ್ಚ್‌ನಿಂದ ಮೇ ತನಕ. ಆ ಹೊತ್ತಿಗೆ ಕುರಿಗಳು ತುಂಬುಗಬ್ಬ. ಐದು ತಿಂಗಳ ಗರ್ಭ ಚಳಿಯಲ್ಲಿ ಇಳಿಯದಿರಲೆಂದು ಟಗರುಗಳಿಗೆ ಬೇಸಿಗೆಯಲ್ಲೇ ಹೊಟ್ಟೆಯಡಿ ಒಂದು ಉಣ್ಣೆಹಾಸಿನ ತುಂಡು ಕಟ್ಟಿ ತಡೆದಿರುತ್ತಾರೆ, ಮರಿ ಬೀಳುವುದು ವಸಂತಕ್ಕೆ ಎಂಬ ಲೆಕ್ಕದಲ್ಲಿ. ಜುದ್ ವರ್ಷದ ಒಂದು ಮಾರ್ಚ್ ಬೆಳಗನ್ನು ನೋಡಿ. ದೊಡ್ಡಿಯ ನೆಲಕ್ಕೆ ವರ್ಷಗಟ್ಟಲೆ ಕೂಡಿದ ಹಿಕ್ಕೆ ಮೊಣಕಾಲುದ್ದದ ಹಾಸಿಗೆಯಾಗಿದೆ. ಅದನ್ನು 'ಬೂತ್ಸ್' ಎನ್ನುತ್ತಾರೆ, ಕೆಳಗಿನಿಂದ ಬೆಚ್ಚಗಿಡುವುದು ಅದೇ. ರಾತ್ರಿ ಕುರಿಗಳು ಒಂದರ ಮೇಲೊಂದು ಒತ್ತಿಕೊಂಡು ಮಲಗಿವೆ, ಅಡಿಯಲ್ಲಿ ಸಿಕ್ಕವು ಉಸಿರುಗಟ್ಟಿ ಹೋಗಿವೆ. ಉಳಿದವುಗಳಲ್ಲಿ ಕೆಲವು ತಾವಾಗಿ ಏಳಲಾರವು. ಮನೆಯವರು ಒಂದೊಂದನ್ನೇ ಬಾಲದ ಬುಡ ಹಿಡಿದು ಎತ್ತಿ ನಿಲ್ಲಿಸಬೇಕು, ಬಿಟ್ಟರೆ ಮತ್ತೆ ಕುಸಿಯುತ್ತವೆ. ನಿಂತ ಕುರಿ ಹಾಕಿದ ಮರಿಗೆ ಹಾಲಿಲ್ಲ. ತಾಯಿ ಸತ್ತ ಮರಿಯನ್ನು ಮರಿ ಸತ್ತ ತಾಯಿಯ ಹತ್ತಿರ ಹಿಡಿದು, ಅದು ಒಪ್ಪಿಕೊಳ್ಳುವ ತನಕ ಮನೆಯ ಹೆಂಗಸು "ತೊಯ್ಗ್, ತೊಯ್ಗ್" ಎಂದು ಎಳೆದೆಳೆದು ಹಾಡುತ್ತಾಳೆ. ಒಂಟೆಗೆ ಹಾಡುವ ಇಂಥದ್ದೇ ಹಾಡನ್ನು ಯುನೆಸ್ಕೊ 2015ರಲ್ಲಿ ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಇಂಥ ಹೊತ್ತಿಗೇ ಧೂಳಿನ ಬಿರುಗಾಳಿಯೂ ಏಳುತ್ತದೆ. ಏಪ್ರಿಲ್‌ನಲ್ಲಿ ಬೀಸುವ ಒಂದು ರಾತ್ರಿಯ ಬಿರುಗಾಳಿ ನಾಲ್ಕು ತಿಂಗಳ ಚಳಿ ಉಳಿಸಿದ್ದನ್ನು ಒಯ್ಯಬಲ್ಲದು.

ಈಗ ಮನೆಯೊಳಕ್ಕೆ ಬರೋಣ. ಕುರಿ ಸತ್ತರೆ ಏನೇನು ಹೋಯಿತು? ನಿಮ್ಮ ಮನೆಯಲ್ಲಿ ಕೇಳಿದರೆ ಮರಿ, ಗೊಬ್ಬರ, ಉಣ್ಣೆ ಎಂದಾರು. ಅಲ್ಲಿ ಪಟ್ಟಿ ಇನ್ನೂ ಉದ್ದ. ಮಾಂಸವೇ ಅನ್ನ. ನವೆಂಬರ್ ಸುಮಾರಿಗೆ ಕಡಿದು ಹೊರಗಿನ ಚಳಿಗೇ ಹೆಪ್ಪುಗಟ್ಟಿಸಿದ ಮಾಂಸ ವಸಂತದವರೆಗಿನ ದಾಸ್ತಾನು. ಹಾಲು, ಒಣಗಿಸಿದ ಮೊಸರುಗಡ್ಡೆ, ಕೆನೆ ಇವು ಬೇಸಿಗೆಯ ಊಟ. ದನದ ಒಣ ಸಗಣಿ ಒಲೆಗೆ, ನಮ್ಮ ಬೆರಣಿಯ ಹಾಗೆಯೇ, ತಟ್ಟುವ ಕೆಲಸವೂ ಇಲ್ಲ, ಬಯಲಲ್ಲಿ ಒಣಗಿದ್ದನ್ನು ಆಯ್ದು ತಂದರಾಯಿತು. ಮರ ಕಾಣದ ಬಯಲಲ್ಲಿ ಅದೇ ಉರುವಲು. ಉಣ್ಣೆ ಒತ್ತಿ ಮಾಡಿದ ದಪ್ಪ ಹಾಸೇ ಮನೆಯ ಗೋಡೆ, ಏಕೆಂದರೆ ಅವರ ಗುಡಾರ, 'ಗೆರ್', ಕಟ್ಟುವುದು ಅದರಿಂದಲೇ. ಕುದುರೆ ವಾಹನ. ಇವೆಲ್ಲದರ ಜೊತೆ ಹಿಂಡೇ ಬ್ಯಾಂಕು, ವಿಮೆ, ಪಿಂಚಣಿ. ಹಾಗಾಗಿ ಜುದ್ ವರ್ಷ ಸಂಬಳ ನಿಂತಂತೆ ಆಗುವುದಿಲ್ಲ. ಅಂಗಡಿ, ಅಡುಗೆಮನೆ, ಸೌದೆ, ಉಳಿತಾಯ ಖಾತೆ ನಾಲ್ಕೂ ಒಂದೇ ರಾತ್ರಿ ಸುಟ್ಟಂತೆ.

ನಗದು ಎಲ್ಲಿಂದ? ಇಲ್ಲೇ ಆಡಿನ ಕತೆ ಬರುವುದು. ಏಪ್ರಿಲ್-ಮೇ ತಿಂಗಳಲ್ಲಿ ಆಡಿನ ಒಳಗೂದಲನ್ನು ಉದ್ದ ಹಲ್ಲಿನ ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ಅದೇ ಕ್ಯಾಶ್ಮೀರ್. ಒಂದು ಆಡಿನಿಂದ ಸಿಗುವುದು 300 ಗ್ರಾಂ ಆಚೀಚೆ. ಇದರ ಉತ್ಪಾದನೆಯಲ್ಲಿ ಚೀನಾದ ನಂತರ ಮಂಗೋಲಿಯಾದ್ದೇ ಎರಡನೆಯ ಸ್ಥಾನ. ವರ್ಷದ ದೊಡ್ಡ ಹಣ ಈ ಆರೇಳು ವಾರದಲ್ಲಿ ಬರಬೇಕು. ಖರ್ಚು ಮಾತ್ರ ವರ್ಷವಿಡೀ. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾದಾಗ ಬಟ್ಟೆ-ಪುಸ್ತಕ, ಅಕ್ಟೋಬರ್‌ನಲ್ಲಿ ಹಿಟ್ಟು, ಮೇವು, ಪೆಟ್ರೋಲು. ಮಧ್ಯದ ತೂತಿಗೆ ತೇಪೆ ಬ್ಯಾಂಕಿನ ಸಾಲ, ಅಡಮಾನ ಹಿಂಡೇ. ಸಾಲದ ಕಂತು ಕ್ಯಾಶ್ಮೀರ್ ಹೊತ್ತಿಗೆ. ಈಗ ನೋಡಿ: ಮೇವು ಕೊಳ್ಳಲು ಹಿಂಡಿನ ಮೇಲೆ ಸಾಲ ತೆಗೆದರು, ಮೇವು ತಿಂದೂ ಹಿಂಡು ಸತ್ತಿತು, ಸಾಲ ಬದುಕಿತು. ಬಡ್ಡಿಗೆ ಜುದ್ ಬಡಿಯುವುದಿಲ್ಲ.

ಬೆಲೆಯೂ ಇದೇ ದಿಕ್ಕಿಗೆ ತಳ್ಳುತ್ತದೆ. ಬೇಸಿಗೆ ಬರ ಬಿದ್ದ ವರ್ಷ ಎಲ್ಲರೂ ಒಟ್ಟಿಗೆ ಸಣಕಲು ಕುರಿ ಮಾರಲು ಹೊರಡುತ್ತಾರೆ, ಮಾಂಸದ ದರ ಬೀಳುತ್ತದೆ. ಅದೇ ವರ್ಷ ಎಲ್ಲರಿಗೂ ಒಣಹುಲ್ಲು ಬೇಕು, ಅದರ ದರ ಏರುತ್ತದೆ. ನಿಮ್ಮ ಕಡೆಯ ಸಂತೆಯಲ್ಲಿ ಬರಗಾಲದ ವರ್ಷ ದನಕ್ಕೂ ಮೇವಿಗೂ ಆಗುವುದು ಇದೇ, ವಿವರಿಸಬೇಕಿಲ್ಲ. 2009ರಲ್ಲಿ ಇನ್ನೊಂದು ಪೆಟ್ಟು ಸೇರಿತ್ತು. ಜಗತ್ತಿನ ಆರ್ಥಿಕ ಕುಸಿತದಿಂದ ಕ್ಯಾಶ್ಮೀರ್ ದರ ನೆಲ ಕಚ್ಚಿ ಮನೆಗಳು ಸಾಲದಲ್ಲಿದ್ದವು, ಆ ಬೇಸಿಗೆ ಮಳೆಯೂ ಕಡಿಮೆ, ಅದರ ಬೆನ್ನಿಗೇ 2009-10ರ ಚಳಿಗಾಲ. ಸುಮಾರು 1 ಕೋಟಿ ಜಾನುವಾರು ಹೋದವು, ದೇಶದ ಹಿಂಡಿನ ಐದನೇ ಒಂದು ಭಾಗಕ್ಕೂ ಹೆಚ್ಚು. ಸುಮಾರು 8,700 ಕುಟುಂಬಗಳ ದೊಡ್ಡಿಯಲ್ಲಿ ಒಂದೂ ಉಳಿಯಲಿಲ್ಲ. ವಸಂತದಲ್ಲಿ ಹೆಣ ಕರಗಿ ನೀರಿಗೆ ಸೇರುವ ಮೊದಲು ಹೂಳಬೇಕಿತ್ತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಆ ಕೆಲಸಕ್ಕೆ ಪಶುಪಾಲಕರಿಗೇ ಕೂಲಿ ಕೊಟ್ಟಿತು. ನೆರವು ಕೊಡುವ ಒಳ್ಳೆಯ ಉಪಾಯವೇ ಸರಿ. ಆದರೂ ತನ್ನದೇ ಹಿಂಡಿಗೆ ಗುಂಡಿ ತೋಡಿ ದಿನಗೂಲಿ ಎಣಿಸಿಕೊಂಡವನ ಮನಸ್ಸು ಹೇಗಿದ್ದೀತು ಎಂದು ಯೋಚಿಸದೆ ಆ ಸಾಲನ್ನು ದಾಟಲು ನನಗೆ ಆಗುವುದಿಲ್ಲ.

ಸರಿ, ನಿಮ್ಮ ಪ್ರಶ್ನೆ. ಮೇವಿಗೆ ತಕ್ಕಷ್ಟೇ ಸಾಕಬಾರದೇಕೆ? ಅಂದಾಜಿಗೆ ಎರಡು ಮನೆ ಇಟ್ಟುಕೊಂಡು ಲೆಕ್ಕ ಹಾಕೋಣ. ಅಂಕಿಗಳು ನಾನೇ ಇಟ್ಟವು, ತರ್ಕ ಮಾತ್ರ ಅಲ್ಲಿಯದು. ಮೊದಲ ಮನೆಯಲ್ಲಿ ಕುರಿ-ಆಡು ಸೇರಿ 120, ಎರಡನೆಯದರಲ್ಲಿ 600. ತಿನ್ನಲು, ಮಾರಲು, ಸಾಲ ತೀರಿಸಲು ಮೊದಲ ಮನೆಗೆ ವರ್ಷಕ್ಕೆ 40 ತಲೆ ಬೇಕು. ಎರಡನೆಯದು ಸ್ವಲ್ಪ ಧಾರಾಳ, 60. ಹಿಂಡಿನಲ್ಲಿ ಅರ್ಧ ಮರಿ ಹಾಕುವ ಹೆಣ್ಣು, ನೂರಕ್ಕೆ 75 ಮರಿ ಉಳಿಯುತ್ತವೆ ಎನ್ನಿ. ಮಾಮೂಲಿ ವರ್ಷ ಚಿಕ್ಕ ಮನೆಗೆ 45 ಮರಿ ಬರುತ್ತವೆ, 40 ಖರ್ಚು, ಹೇಗೋ ಸಾಗುತ್ತದೆ. ಈಗ ಜುದ್ ಬಂದು ಎರಡೂ ಮನೆಯಲ್ಲಿ ಕಾಲು ಭಾಗ ಕೊಂದಿತು, ಮರಿಗಳೂ ಅರ್ಧಕ್ಕರ್ಧ ಹೋದವು. ಚಿಕ್ಕ ಮನೆಯಲ್ಲಿ 90 ಉಳಿದವು, 20 ಮರಿ ಸೇರಿದವು, 40 ಹೊಟ್ಟೆಗೆ ಮತ್ತು ಸಾಲಕ್ಕೆ ಹೋದವು: 70. ಮರುವರ್ಷ ಹವೆ ಚೆನ್ನಾಗಿಯೇ ಇದೆ, ಆದರೂ 56. ಅದರ ಮರುವರ್ಷ 37. ಆಮೇಲೆ 11. ಐದನೇ ವರ್ಷಕ್ಕೆ ದೊಡ್ಡಿ ಖಾಲಿ, ನಡುವೆ ಇನ್ನೊಂದು ಜುದ್ ಬಾರದೆಯೂ. ದೊಡ್ಡ ಮನೆಯಲ್ಲಿ 450 ಉಳಿದವು, 110 ಮರಿ ಸೇರಿದವು, 60 ಕಳೆದು 500. ಮರುವರ್ಷವೇ 620 ದಾಟುತ್ತದೆ.

ಶೇಕಡಾವಾರು ನಷ್ಟ ಎರಡು ಮನೆಗೂ ಒಂದೇ. ಒಂದು ಮನೆ ಎರಡು ವರ್ಷದಲ್ಲಿ ಎದ್ದಿತು, ಇನ್ನೊಂದು ನಿಧಾನವಾಗಿ ಕರಗಿಹೋಯಿತು. ಹೊಟ್ಟೆಯ ಖರ್ಚು ಹಿಂಡಿನ ಜೊತೆ ಕುಗ್ಗುವುದಿಲ್ಲವಲ್ಲ. ಈ ಲೆಕ್ಕ ಅಲ್ಲಿನ ಪ್ರತಿ ಪಶುಪಾಲಕನಿಗೂ ಕರಗತ. ಹಾಗಾಗಿ ಒಳ್ಳೆಯ ವರ್ಷ ಬಂದರೆ ಅವನು ಹಿಂಡು ಬೆಳೆಸುತ್ತಾನೆ. ದುರಾಸೆ ಎಂದು ಹೊರಗಿನವರು ಕರೆಯುವುದು ಅವನ ಮಟ್ಟಿಗೆ ವಿಮೆಯ ಕಂತು. "ಕಡಿಮೆ ಸಾಕು" ಎಂದು 120ರ ಮನೆಗೆ ಉಪದೇಶ ಮಾಡುವುದೆಂದರೆ ಮುಂದಿನ ಜುದ್‌ನಲ್ಲಿ ಮುಳುಗು ಎಂದ ಹಾಗೆ.

ಹುಲ್ಲು ಮಾತ್ರ ಎಲ್ಲರದು. ಹುಲ್ಲುಗಾವಲು ಅಲ್ಲಿ ಖಾಸಗಿ ಆಸ್ತಿಯಾಗುವಂತಿಲ್ಲ ಎಂದು 1992ರ ಸಂವಿಧಾನವೇ ಹೇಳುತ್ತದೆ. ಇಡೀ ದೇಶವೇ ಗೋಮಾಳ ಎಂದುಕೊಳ್ಳಿ. ಪ್ರತಿ ಮನೆಯ ಬುದ್ಧಿವಂತಿಕೆ ಕೂಡಿ ದೇಶದ ತಲೆನೋವಾಯಿತು. 1990ರಲ್ಲಿ 2 ಕೋಟಿ 58 ಲಕ್ಷ ಇದ್ದ ಜಾನುವಾರು 1999ಕ್ಕೆ 3 ಕೋಟಿ 35 ಲಕ್ಷವಾಯಿತು. ಮುಂದಿನ ಮೂರು ಚಳಿಗಾಲ ಸಾಲಾಗಿ ಜುದ್ ಬಂದು 2002ರಲ್ಲಿ 2 ಕೋಟಿ 39 ಲಕ್ಷಕ್ಕೆ ಇಳಿಯಿತು. 2009ಕ್ಕೆ 4 ಕೋಟಿ 40 ಲಕ್ಷ, ಮರುವರ್ಷ 3 ಕೋಟಿ 27 ಲಕ್ಷ. 2019ಕ್ಕೆ 7 ಕೋಟಿ. 2024ರ ಕೊನೆಗೆ 5 ಕೋಟಿ 76 ಲಕ್ಷ. ಪ್ರತಿ ಸಲ ಏರಿದ್ದು ಹಿಂದಿನ ಶಿಖರಕ್ಕಿಂತ ಮೇಲಕ್ಕೆ.

ಇಲ್ಲಿ ಒಂದು ತಕರಾರು ಸೇರಿಸಬೇಕು, ಪರೀಕ್ಷೆಯಲ್ಲಿ ಬರೆದರೆ ನಿಮಗೆ ಅಂಕ ಬರುತ್ತದೆ. 'ಮೇವಿಗೆ ತಕ್ಕಷ್ಟು' ಎಂಬುದರಲ್ಲಿ ಯಾವ ವರ್ಷದ ಮೇವು? ಗೋಬಿಯಲ್ಲಿ ಮಳೆ ಒಂದು ವರ್ಷಕ್ಕೂ ಇನ್ನೊಂದಕ್ಕೂ ತಾಳೆಯೇ ಇಲ್ಲದಷ್ಟು ಏರುಪೇರು. ಅಲ್ಲಿ ಹುಲ್ಲಿನ ಹಣೆಬರಹ ಬರೆಯುವುದು ಮುಖ್ಯವಾಗಿ ಮಳೆ. ಹಿಂಡು ಹುಲ್ಲನ್ನು ಮುಗಿಸುವಷ್ಟು ಬೆಳೆಯುವ ಮೊದಲೇ ಬರವೋ ಜುದ್ದೋ ಬಂದು ಕತ್ತರಿಸುತ್ತದೆ. ಸರಾಸರಿ ಲೆಕ್ಕ ಹಾಕಿ ಇಷ್ಟು ಕುರಿಗೆ ಇಷ್ಟು ಎಕರೆ ಎನ್ನುವುದು ಅಲ್ಲಿ ಕಾಗದದ ಮಾತು. ಉತ್ತರದ ತೇವದ ಸೀಮೆಯಲ್ಲಿ, ಪಟ್ಟಣ ಮತ್ತು ರಸ್ತೆಗಳ ಆಸುಪಾಸಿನಲ್ಲಿ ಮಾತ್ರ ಹಿಂಡಿನ ಸಂಖ್ಯೆ ನಿಜವಾಗಿಯೂ ಹುಲ್ಲನ್ನು ಹಾಳುಮಾಡುತ್ತದೆ. ದೇಶದ ನೆಲದ ಮುಕ್ಕಾಲು ಭಾಗಕ್ಕೂ ಹೆಚ್ಚು ಸ್ವಲ್ಪವಾದರೂ ಸವೆದಿದೆ ಎಂದು ಸರ್ಕಾರಿ ವರದಿಗಳು ಹೇಳುತ್ತವೆ. ಅದರಲ್ಲಿ ಆಡಿನ ಪಾಲೆಷ್ಟು, 1940ರಿಂದೀಚೆಗೆ 2 ಡಿಗ್ರಿಗೂ ಹೆಚ್ಚು ಏರಿದ ಸರಾಸರಿ ಉಷ್ಣದ ಪಾಲೆಷ್ಟು ಎಂಬುದರ ಮೇಲೆ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ನನ್ನ ಒಲವು ಕೇಳಿದರೆ, ಸಂಖ್ಯೆಗಿಂತ ಚಲನೆ ಮುಖ್ಯ. ಹಿಂಡು ಸರಿಯುತ್ತಿದ್ದರೆ ಹುಲ್ಲು ಚಿಗುರುತ್ತದೆ, ನಿಂತರೆ ಸಾಯುತ್ತದೆ.

ಅವರ ಹಳೆಯ ವಿಮೆ ಈ ಚಲನೆಯೇ ಆಗಿತ್ತು. ಚಳಿಗಾಲದ ನೆಲೆ, ವಸಂತದ ನೆಲೆ, ಬೇಸಿಗೆಯದು, ಶರತ್ಕಾಲದ್ದು, ನಾಲ್ಕೂ ಬೇರೆ. ಹವೆ ಕೆಟ್ಟರೆ 'ಓತೊರ್', ಅಂದರೆ ಹಿಂಡನ್ನು ಬೇರೆ ಸೀಮೆಗೆ ದೂರ ಹೊಡೆದುಕೊಂಡು ಹೋಗುವುದು. ನಿಮ್ಮ ತಂದೆಯವರು ಕುರಿ ಹೊಡೆದುಕೊಂಡು ಊರೂರು ದಾಟಿ ಹೊಲಗಳಲ್ಲಿ ತರುಬುವುದನ್ನು ನೆನೆಯಿರಿ. ಒಂದೇ ವ್ಯತ್ಯಾಸ, ಇಲ್ಲಿ ಹೊಲದವರು ಗೊಬ್ಬರಕ್ಕಾಗಿ ಕರೆಯುತ್ತಾರೆ, ಅಲ್ಲಿ ಬೇರೆ ಸೀಮೆಯವರಿಗೆ ಬಂದ ಹಿಂಡಿನಿಂದ ಯಾವ ಲಾಭವೂ ಇಲ್ಲ, ಹುಲ್ಲು ಹೋಗುತ್ತದೆ ಅಷ್ಟೆ. ಮೇಲಾಗಿ ಓತೊರ್ ಹೋದವನಿಗೆ ಹಿಕ್ಕೆಯ ಹಾಸಿಗೆ ಇಲ್ಲ. ಅವನ ಕುರಿ ಬರಿ ಹೆಪ್ಪುಗಟ್ಟಿದ ನೆಲದ ಮೇಲೆ ಮಲಗಬೇಕು. ಸಮಾಜವಾದಿ ಕಾಲದಲ್ಲಿ 'ನೆಗ್ದೆಲ್' ಎಂಬ ಸಾಮೂಹಿಕ ಸಂಘಗಳಿದ್ದವು. ಸಾಗಿಸಲು ಲಾರಿ, ಪಶುವೈದ್ಯರು, ಬಾವಿಯ ಮೋಟಾರು ಸಂಘದ್ದು, ತುರ್ತಿಗೆ ಮೇವಿನ ದಾಸ್ತಾನು ಸರ್ಕಾರದ್ದು. ಸ್ವಂತಕ್ಕೆ ಇಟ್ಟುಕೊಳ್ಳುವ ಜಾನುವಾರಿಗೆ ಮಿತಿಯಿತ್ತು, ಸ್ವಾತಂತ್ರ್ಯಕ್ಕೂ ಇತ್ತು, ಆ ಕಾಲವನ್ನು ಹೊಗಳಬೇಕಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಸಂಘಗಳು ಮುಚ್ಚಿ ಹಿಂಡು ಹಂಚಿಹೋಯಿತು. ಅದೇ ಹೊತ್ತಿಗೆ ಪಟ್ಟಣದ ಕಾರ್ಖಾನೆಗಳೂ ಮುಚ್ಚಿದ್ದರಿಂದ ಕೆಲಸ ಹೋದವರು ಕುರಿ ಹಿಡಿದು ಬಯಲಿಗೆ ಬಂದರು. 1990ರಲ್ಲಿ ಸುಮಾರು 75 ಸಾವಿರ ಇದ್ದ ಪಶುಪಾಲಕ ಮನೆಗಳು ಹತ್ತು ವರ್ಷದಲ್ಲಿ 1 ಲಕ್ಷ 90 ಸಾವಿರವಾದವು. ಹೊಸಬರಿಗೆ ಅನುಭವ ಕಡಿಮೆ, ಹಿಂಡು ಚಿಕ್ಕದು, ಚಳಿಗಾಲದ ನೆಲೆ ಇಲ್ಲ. 1999ರ ಜುದ್ ಹೆಚ್ಚಾಗಿ ಬಡಿದದ್ದು ಅಂಥವರಿಗೆ. ಐದರಲ್ಲೊಂದಿದ್ದ ಆಡಿನ ಪಾಲು ಕ್ಯಾಶ್ಮೀರ್ ಆಸೆಗೆ ಐದರಲ್ಲಿ ಎರಡಕ್ಕೆ ಏರಿದ್ದೂ ಈ ದಶಕಗಳಲ್ಲೇ. ಆಡಿಗೆ ಕುರಿಯಷ್ಟು ಚಳಿ ತಡೆಯದು. ವಸಂತದಲ್ಲಿ ಒಳಗೂದಲು ಬಾಚಿಸಿಕೊಂಡು ನಿಂತ ಆಡಿಗೆ ಆ ಏಪ್ರಿಲ್ ಬಿರುಗಾಳಿ ಸಿಕ್ಕರಂತೂ ಮುಗಿಯಿತು.

ಚಲನೆ ಕುಗ್ಗಿದ್ದಕ್ಕೆ ಇನ್ನೊಂದು ಕಾರಣ ಶಾಲೆ. ಯಾರೂ ಇದನ್ನು ಪರಿಸರದ ಪಟ್ಟಿಯಲ್ಲಿ ಬರೆಯುವುದಿಲ್ಲ. ಹಿಂದೆ ಮಗು ಎಂಟಕ್ಕೆ ಶಾಲೆಗೆ ಹೋಗುತ್ತಿತ್ತು, 2008ರಿಂದ ಆರಕ್ಕೆ. ಆರು ವರ್ಷದ ಕೂಸನ್ನು ಹಾಸ್ಟೆಲಿನಲ್ಲಿ ಬಿಡಲು ಮನಸ್ಸಾಗದೆ ತಾಯಿ ನಮ್ಮ ಹೋಬಳಿ ಕೇಂದ್ರದಂಥ ಊರಿನಲ್ಲಿ ಇನ್ನೊಂದು ಗೆರ್ ಹಾಕುತ್ತಾಳೆ. ಎರಡು ಒಲೆ, ಎರಡು ಖರ್ಚು. ಬಯಲಲ್ಲಿ ಗಂಡಸು ಒಬ್ಬನೇ. ರಾತ್ರಿ ದೊಡ್ಡಿ ನೋಡಿಕೊಳ್ಳುವ, ಬೆಳಿಗ್ಗೆ ಕುರಿ ಎತ್ತಿ ನಿಲ್ಲಿಸುವ ಕೈಗಳು ಅರ್ಧವಾದವು. ಅದೇ ಹಿಮ, ಅದೇ ಚಳಿ, ಸಾವು ಮಾತ್ರ ಹೆಚ್ಚು. ಮಗಳು ಓದಬಾರದು ಎಂದು ಯಾರು ಹೇಳಿಯಾರು? ನಿಮ್ಮ ಮನೆಯಲ್ಲೂ ನೀವು ಓದಲು ಹೊರಟ ವರ್ಷ ಕುರಿಯ ಹಿಂದೆ ಒಂದು ಕೈ ಕಡಿಮೆಯಾಗಿರಬೇಕು.

ಹಿಂಡು ಕಳೆದುಕೊಂಡವರು ಏನು ಮಾಡುತ್ತಾರೆ? ಕೆಲವರು ಪಟ್ಟಣದಲ್ಲಿ ಕೂತ ಒಡೆಯರ ಹಿಂಡನ್ನು ಕೂಲಿಗೋ ಪಾಲಿಗೋ ಕಾಯುತ್ತಾರೆ. ಬಹಳ ಮಂದಿ ಗೆರ್ ಮಡಚಿ ಉಲಾನ್‌ಬಾತರ್ ಸೇರುತ್ತಾರೆ. ನಗರದ ಅಂಚಿನ ಗುಡ್ಡಗಳಲ್ಲಿ ಗೆರ್ ಬಡಾವಣೆಗಳು ಹಬ್ಬಿರುವುದು ಹೀಗೆ. ಅಲ್ಲಿ ಕೊಳಾಯಿ ಇಲ್ಲ, ಒಲೆಗೆ ಸಗಣಿಯ ಬದಲು ಕಲ್ಲಿದ್ದಲು. ಹೊಗೆಗೆ ತತ್ತರಿಸಿದ ನಗರ 2017ರ ಜನವರಿಯಲ್ಲಿ ಹೊರಗಿನವರು ಬಂದು ನೆಲೆಸುವುದನ್ನೇ ನಿಷೇಧಿಸಿತು. ಜನ ಬರುವುದೇನೂ ನಿಲ್ಲಲಿಲ್ಲ. ದಾಖಲೆಯಿಲ್ಲದೆ ಬಂದವರಿಗೆ ಸೌಲಭ್ಯ ಸಿಗುವುದು ಮಾತ್ರ ಕಷ್ಟವಾಯಿತು. ಕುದುರೆಯ ಮೇಲೆ ಹುಟ್ಟಿ ಬೆಳೆದವನ ಪರಿಣತಿಗೆ ಅಲ್ಲಿ ಸಿಗುವ ಕೆಲಸ ಕಾವಲು, ಗಾರೆ, ಡ್ರೈವರಿಕೆ.

ಹಾಗಾದರೆ ಯಾವುದು ಕೆಲಸ ಮಾಡಿದೆ? ವಿಶ್ವಬ್ಯಾಂಕಿನ ನೆರವಿನಿಂದ 2006ರಲ್ಲಿ ಮೂರು ಪ್ರಾಂತ್ಯಗಳಲ್ಲಿ ಮಾರಾಟ ಶುರುವಾಗಿ ಆಮೇಲೆ ದೇಶವಿಡೀ ಹಬ್ಬಿದ ಸೂಚ್ಯಂಕ ಆಧಾರಿತ ಜಾನುವಾರು ವಿಮೆಯನ್ನು ನೀವು ಪ್ರಬಂಧಕ್ಕೆ ಆರಿಸಿಕೊಳ್ಳಬಹುದು. ನಮ್ಮ 'ಅನುಗ್ರಹ' ಯೋಜನೆಯಲ್ಲಿ ಕುರಿ ಸತ್ತರೆ ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿ ಬರೆದುಕೊಡಬೇಕು. ಹತ್ತಾರು ಕಿಲೋಮೀಟರಿಗೆ ಒಂದು ಗೆರ್ ಇರುವ, ಹಿಮ ಮುಚ್ಚಿದ ದೇಶದಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ನಿಮ್ಮ ಸತ್ತ ಕುರಿಯನ್ನು ಯಾರೂ ಎಣಿಸುವುದಿಲ್ಲ. ನಿಮ್ಮ ತಾಲ್ಲೂಕಿನಂಥ ಘಟಕದಲ್ಲಿ, 'ಸುಮ್' ಎನ್ನುತ್ತಾರೆ, ಆ ಜಾತಿಯ ಪ್ರಾಣಿಗಳ ಒಟ್ಟು ಸಾವಿನ ಪ್ರಮಾಣ ಒಂದು ಮಿತಿ ದಾಟಿದರೆ ವಿಮೆ ಮಾಡಿಸಿದ ಎಲ್ಲರಿಗೂ ಹಣ. ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿ ನೋಡಿ ಕೊಡುವ ನಮ್ಮ ಬೆಳೆ ವಿಮೆಯ ತಮ್ಮ ಇದು. ಚೆನ್ನಾಗಿ ನೋಡಿಕೊಂಡು ಕುರಿ ಉಳಿಸಿಕೊಂಡವನಿಗೂ ಹಣ ಬರುವುದರಿಂದ ಯಾರೂ ಕೈಕಟ್ಟಿ ಕೂರುವುದಿಲ್ಲ, ಇದು ಅದರ ಜಾಣತನ. ಸುಮ್ ತುಂಬ ಹಿಂಡು ಉಳಿದು ನಿಮ್ಮ ಕಣಿವೆಯದಷ್ಟೇ ಸತ್ತರೆ ಒಂದು ಕಾಸೂ ಇಲ್ಲ, ಇದು ಅದರ ಕೊರತೆ. ಇದೂ ನಮ್ಮ ರೈತರಿಗೆ ಪರಿಚಿತ ಸಿಟ್ಟು.

ಸದ್ದಿಲ್ಲದೆ ಕೆಲಸ ಮಾಡುತ್ತಿರುವ ಇನ್ನೊಂದು ಯೋಜನೆ 'ಮಕ್ಕಳ ಹಣ'. ಪ್ರತಿ ಮಗುವಿಗೆ ತಿಂಗಳಿಗೆ 1 ಲಕ್ಷ ತುಗ್ರಿಕ್, ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಸಾವಿರ ರೂಪಾಯಿ. ಜುದ್ ವರ್ಷದಲ್ಲೂ ನಿಲ್ಲದೆ ಬರುವ ಈ ನಗದು ಚಿಕ್ಕ ಮನೆ ಗಬ್ಬದ ಕುರಿ ಮಾರುವುದನ್ನು ಒಂದಿಷ್ಟಾದರೂ ತಡೆಯುತ್ತದೆ. ಮೇಲಿನ ಲೆಕ್ಕಕ್ಕೆ ಹಿಂದಿರುಗಿ: ಆ 40 ತಲೆಯ ಖರ್ಚನ್ನು 25ಕ್ಕೆ ಇಳಿಸಿದರೆ ಅದೇ ಮನೆ ಜುದ್ ವರ್ಷ 85ರಲ್ಲಿ ನಿಲ್ಲುತ್ತದೆ, ಮರುವರ್ಷದಿಂದ ನಿಧಾನವಾಗಿ ಮೇಲೇಳುತ್ತದೆ. ಬೇಕಾದರೆ ಪೆನ್ಸಿಲು ಹಿಡಿದು ನೋಡಿ.

ಆದ್ದರಿಂದ ಕುರಿ ಕಡಿಮೆಯಾಗಬೇಕು ನಿಜ, ಆದರೆ ಕುರಿ ಮಾಡುತ್ತಿದ್ದ ಕೆಲಸವನ್ನು ಬೇರೆ ಏನಾದರೂ ವಹಿಸಿಕೊಂಡ ಮೇಲೆ. ಸದ್ಯಕ್ಕೆ ಸರ್ಕಾರ ಎರಡೂ ಕಡೆ ಎಳೆಯುತ್ತಿದೆ. ಒಂದು ಕೈಯಲ್ಲಿ 2021ರಿಂದ ಜಾನುವಾರಿಗೆ ತಲೆಗಂದಾಯ. ಇನ್ನೊಂದು ಕೈಯಲ್ಲಿ ಸಾವಿರ ತಲೆ ದಾಟಿದವರಿಗೆ 'ಸಾವಿರದ ಪಶುಪಾಲಕ' ಎಂಬ ಬಿರುದು. ಕ್ಯಾಶ್ಮೀರ್ ವ್ಯಾಪಾರವೂ ಅಂಥದ್ದೇ. ಬಾಗಿಲಿಗೆ ಬಂದು ಕೊಳ್ಳುವ ದಲ್ಲಾಳಿ, ಅಲ್ಲಿ 'ಚೆಂಜ್' ಎನ್ನುತ್ತಾರೆ, ಸಾಮಾನ್ಯವಾಗಿ ಕೂದಲಿನ ಗುಣ ನೋಡಿ ದರ ಕಟ್ಟುವುದಿಲ್ಲ, ತೂಕಕ್ಕೆ ಕೊಡುತ್ತಾನೆ. ತೂಕಕ್ಕೆ ದುಡ್ಡು ಕೊಟ್ಟರೆ ಜನ ತಲೆ ಹೆಚ್ಚಿಸದೆ ಇನ್ನೇನು ಮಾಡಿಯಾರು?

ಕೊನೆಗೆ ಕೋತಿ. ಹನ್ನೆರಡು ಪ್ರಾಣಿಗಳ ಅವರ ಸಂವತ್ಸರ ಚಕ್ರದಲ್ಲಿ 1944, 1968, 2016 ಕೋತಿಯ ವರ್ಷಗಳು. ಮೂರರ ಆಸುಪಾಸಿನಲ್ಲೂ ಜುದ್ ಬಂದದ್ದು ಹೌದು. ನಂಬಿಕೆ ಗಟ್ಟಿಯಾಗಲು ಅಷ್ಟು ಸಾಕು. ಆದರೆ ಈ ಕಾಲದ ಮೂರು ದೊಡ್ಡ ಹೊಡೆತಗಳಲ್ಲಿ 1999-2000 ಮತ್ತು 2023-24 ಎರಡೂ ಮೊಲದಿಂದ ಡ್ರ್ಯಾಗನ್‌ಗೆ ದಾಟುವ ಚಳಿಗಾಲ, 2009-10 ಎತ್ತಿನಿಂದ ಹುಲಿಗೆ. ಕೋತಿ ಅಲ್ಲೆಲ್ಲೂ ಇಲ್ಲ. ಮುಂದಿನ ಕೋತಿ 2028ಕ್ಕೆ. ಆ ಹೆದರಿಕೆಯಿಂದ ಯಾರಾದರೂ 2027ರ ಆಗಸ್ಟ್‌ನಲ್ಲಿ ಎರಡು ಹೊರೆ ಹುಲ್ಲು ಜಾಸ್ತಿ ಕೊಯ್ದು ಬಣವೆ ಹಾಕಿದರೆ ನಾನಂತೂ ತಡೆಯಲು ಹೋಗುವುದಿಲ್ಲ.